ಗೋದಾವರಿಬಾಯಿಯ ಅವಲಕ್ಕಿ ಗಚ್ಚಿಬೌಲಿಗೆ ಹೋದದ್ದು

ಭಾನುವಾರ ಬೆಳಿಗ್ಗೆ ಪ್ರೇಮಾ ಮಗಳ ತಲೆ ಬಾಚುತ್ತಿದ್ದಳು. ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲು ಹಿಡಿದಿದ್ದಳಷ್ಟೆ, ಫೋನು ಬಡಿದುಕೊಂಡಿತು.

ಫೋನು ಮಾಡಿದವನು ಗಚ್ಚಿಬೌಲಿಯ ಬ್ಯಾಡ್ಮಿಂಟನ್ ಒಳಾಂಗಣ ಕ್ರೀಡಾಂಗಣದ ಮ್ಯಾನೇಜರ್ ನಿತಿನ. ಪಂದ್ಯಗಳ ದಿನ ಅಲ್ಲಿ ತನಗೊಂದು ತಿಂಡಿಯ ಸ್ಟಾಲು ಸಿಗಲೆಂದು ಪ್ರೇಮಾ ಅವನನ್ನು ಕಾಡಿ ಬೇಡಿ ಸಾಕಾಗಿ, ಆಸೆ ಬಿಟ್ಟು ಕೂತಿದ್ದಳು. ಈಗ ಅವನೇ ತೆಲುಗಿನಲ್ಲಿ ಗೋಗರೆಯುತ್ತಿದ್ದ.

“ಮೇಡಂ, ಇವತ್ತು ಮಕ್ಕಳ ಟೂರ್ನಮೆಂಟು. ಕ್ಯಾಂಟೀನಿನ ಅಡುಗೆಯವನು ಹೇಳದೆ ಕೇಳದೆ ಊರಿಗೆ ಹೋಗಿದ್ದಾನೆ. ಏನಾದರೂ ಮಾಡಿಕೊಂಡು ಬನ್ನಿ. ಜನರಿಗೆ ಹಿಡಿಸಿದರೆ ಇಡೀ ಸೀಸನ್ ನಿಮಗೇ.”

ಪ್ರೇಮಾ ಹಿಂದೆಮುಂದೆ ನೋಡದೆ ಹ್ಞೂಂ ಅಂದುಬಿಟ್ಟಳು.

“ಅಮ್ಮಾ, ಇನ್ನೊಂದು ಜಡಿ?” ಎಂದಳು ಅನ್ವಿತಾ.

“ಆಮ್ಯಾಲೆ ಹಾಕ್ತೀನಿ, ನನ್ನ ಬಂಗಾರ.”

ಆ ಮನೆಯಲ್ಲಿ ಅಡುಗೆ ಅಂದರೆ ಅತ್ತೆ ಗೋದಾವರಿಬಾಯಿ. ಹೆಚ್ಚುವುದು, ತೊಳೆಯುವುದು, ಗಿರಾಕಿ ಹುಡುಕುವುದು ಸೊಸೆಯ ಪಾಲು. ಒಲೆಯ ಮುಂದೆ ಮಡಿಯುಟ್ಟು ನಿಲ್ಲುವವರು ಅತ್ತೆ ಒಬ್ಬರೇ. ದೇವರಿಗೆ ನೈವೇದ್ಯವಾಗುವ ತನಕ ಒಂದು ಅಗುಳೂ ಯಾರ ನಾಲಿಗೆಗೂ ತಾಗಬಾರದು. ಮಾಡಿದವರೂ ರುಚಿ ನೋಡುವಂತಿಲ್ಲ. “ಉಪ್ಪು ಎಷ್ಟು ಅಂತ ಕೈ ಹೇಳ್ತದ, ನಾಲಿಗಿ ಯಾಕ ಬೇಕು?” ಎನ್ನುವರು. ಮದುವೆಯಾಗಿ ಮೆಹದಿಪಟ್ಟಣಕ್ಕೆ ಬಂದಾಗಿನಿಂದ ಆ ಕೈ ತಪ್ಪಿದ್ದೇ ಇಲ್ಲ.

ಈಚೆಗೆ ತಪ್ಪುತ್ತಿತ್ತು. ದಸರೆಯ ಹೊತ್ತಿಗೆ ಕೆಟ್ಟ ಜ್ವರ ಬಂದು ಎದ್ದ ಮೇಲೆ ಒಂದು ದಿನ ಸಾರಿಗೆ ಉಪ್ಪೇ ಇಲ್ಲ, ಇನ್ನೊಂದು ದಿನ ಪಲ್ಯ ಬಾಯಿಗಿಡುವ ಹಾಗಿಲ್ಲ. ವಯಸ್ಸಾಯಿತು, ಮರೆಯುತ್ತಾರೆ ಎಂದು ಮನೆಯವರೆಲ್ಲ ತಮ್ಮತಮ್ಮಲ್ಲೇ ತೀರ್ಮಾನ ಮಾಡಿಕೊಂಡರು. ಆದರೆ ಅವರಿಗೆ ಹೇಳುವವರು ಯಾರು? ಮಾವ ದತ್ತಾತ್ರೇಯರು ಸರ್ಕಾರಿ ಕಚೇರಿಯಲ್ಲಿ ಊರಿನವರ ತಪ್ಪನ್ನೆಲ್ಲ ಹೆಕ್ಕಿ ತೆಗೆದು ನಿವೃತ್ತರಾದವರು. ಅವರೂ ಹೆಂಡತಿಯ ಮುಂದೆ ಬಾಯಿ ಬಿಡಲಿಲ್ಲ. ಚಷ್ಮಾದ ಡಬ್ಬಿಯಲ್ಲಿ ಪುಡಿಯುಪ್ಪು ತುಂಬಿಕೊಂಡು ಊಟಕ್ಕೆ ಬರತೊಡಗಿದರು. ಗೋದಾವರಿಬಾಯಿ ತುಪ್ಪ ತರಲು ಒಳಗೆ ತಿರುಗಿದ್ದೇ ತಡ, ಡಬ್ಬಿ ಮಾವನಿಂದ ಗಂಡ ಹೇಮಂತನಿಗೆ, ಹೇಮಂತನಿಂದ ಪ್ರೇಮಾಳಿಗೆ ಸುತ್ತು ಹೊಡೆದು ಬರುತ್ತಿತ್ತು. ಅನ್ವಿತಾ ಏನೋ ಕೇಳಲೆಂದು ಬಾಯಿ ತೆರೆದರೆ ಮೂರೂ ಕಡೆಯಿಂದ “ಶ್ಶ್!”

ಮನೆಯೊಳಗೆ ಹೇಗೋ ನಡೆದಿತ್ತು. ಗಚ್ಚಿಬೌಲಿಯಲ್ಲಿ ನಡೆದೀತೆ? ಉಪ್ಪು ತಪ್ಪಿದರೆ ಸ್ಟಾಲು ಹೋಯಿತು. ತಪ್ಪಿದೆಯೆಂದು ಹೇಳಿದರೆ ಅತ್ತೆಯ ಮನಸ್ಸು ಒಡೆಯಿತು. ಪ್ರೇಮಾ ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತು ಮೆಲ್ಲಗೆ ಕೇಳಿದಳು.

“ಅತ್ತಿಯವರ, ಇವತ್ತು ಉಪ್ಪು ನಾ ಅಳೆದು ಕೊಡ್ಲೇನ್ರಿ?”

“ಯಾಕ? ನನ್ನ ಕೈಗೇನು ಧಾಡಿ ಬಡದದ?”

“ಹಂಗಲ್ರಿ, ಮಂದಿ ಭಾಳ ಇರ್ತಾರಲ್ಲ…”

“ಮಂದಿ ಭಾಳಾದ್ರ ಮುಷ್ಟಿ ಭಾಳ. ನೀ ಸುಮ್ಮನ ಲಿಂಬಿಹಣ್ಣು ಹೆಚ್ಚು.”

ದೊಡ್ಡ ಪಾತೇಲಿ ತುಂಬ ಒಗ್ಗರಣೆ ಅವಲಕ್ಕಿ ತಯಾರಾಯಿತು. ಹಳದಿ ಬಣ್ಣ, ಮೇಲೆ ಕೊಬ್ಬರಿ ತುರಿ, ಕೊತ್ತಂಬರಿ. ನೋಡಿದರೆ ಕಣ್ಣೇ ತಿಂದುಬಿಡಬೇಕು. ನೈವೇದ್ಯ ಮುಗಿದ ಮೇಲೆ ಪ್ರೇಮಾ ಗುಟ್ಟಾಗಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಹತ್ತಿ ಅಗಿದಂತಾಯಿತು. ಉಪ್ಪಿನ ಸುಳಿವಿಲ್ಲ. ಇರಲಿ, ಅಲ್ಲಿಗೆ ಹೋಗಿ ಬೆರೆಸಿದರಾಯಿತು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಅತ್ತೆ ಇಳಕಲ್ಲ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

“ನಾನೂ ಬರ್ತೀನಿ. ನನ್ನ ಅವಲಕ್ಕಿ ಮಂದಿ ಹ್ಯಾಂಗ ತಿಂತಾರ, ಕಣ್ಣಾರೆ ನೋಡಬೇಕು.”

ಅವರು ಹೊರಟರೆಂದು ಮಾವ ಹೊರಟರು, ಇಬ್ಬರೂ ಹೊರಟರೆಂದು ಅನ್ವಿತಾ ಒಂಟಿ ಜಡೆಯಲ್ಲೇ ಹತ್ತಿದಳು. ಪಾತೇಲಿ ಎತ್ತಿಡಲು ಹೇಮಂತನೂ ಬಂದ. ಟ್ರಾಲಿ ಆಟೋದಲ್ಲಿ ಗೋದಾವರಿಬಾಯಿ ಪಾತೇಲಿಯನ್ನು ಬಾಣಂತಿ ಕೂಸನ್ನು ಹಿಡಿದ ಹಾಗೆ ತಬ್ಬಿ ಕೂತರು. ಸ್ಟಾಲಿನಲ್ಲಿ ಪ್ರೇಮಾ ಒಂದು ಬಟ್ಟಲಲ್ಲಿ ಉಪ್ಪು ಇಟ್ಟಳು. ಅತ್ತೆ ಅದನ್ನೆತ್ತಿ ಮೇಜಿನ ಕೆಳಗೆ ತಳ್ಳಿದರು.

“ಉಪ್ಪು ಬ್ಯಾರೆ ಇಟ್ರ, ಮಾಡಿದಾಕಿಗೆ ಬರೂದಿಲ್ಲ ಅಂತ ಬೋರ್ಡ್ ಬರದಂಗ!”

ಮೊದಲ ಗಿರಾಕಿ, ಯಾರೋ ಹುಡುಗನ ತಂದೆ, ಒಂದು ಚಮಚ ತಿಂದು ತಲೆಯೆತ್ತಿದ. “ಉಪ್ಪು ಲೇ—”

ಇಲ್ಲ ಅನ್ನುವ ತೆಲುಗಿನ ‘ಲೇದು’ ಪೂರ್ತಿಯಾಗುವ ಮೊದಲೇ ಢಣ್! ಹೇಮಂತ ಪಾತೇಲಿಯ ಮುಚ್ಚಳ ಬೀಳಿಸಿದ್ದ. ಎರಡನೆಯವಳು ಚಮಚ ಕೆಳಗಿಟ್ಟು “ಇದರಲ್ಲಿ ಉಪ್ಪು…” ಅನ್ನುವಷ್ಟರಲ್ಲಿ ದತ್ತಾತ್ರೇಯರು ಎದ್ದು ನಿಂತು ಅಂಗಣದ ಕಡೆ ಕೈಬೀಸಿ, “ಭಲೇ! ಶಾಬಾಸ್!” ಎಂದು ಅಬ್ಬರಿಸಿದರು. ಸರ್ವ್ ಮಾಡಲು ನಿಂತಿದ್ದ ಹುಡುಗಿ ಬೆಚ್ಚಿ ಶಟಲನ್ನು ತನ್ನ ಕಾಲ ಮೇಲೇ ಹಾಕಿಕೊಂಡಳು. ಅಂಪೈರು ಕುರ್ಚಿಯಿಂದ ದುರುಗುಟ್ಟಿ ನೋಡಿದ. ಆಮೇಲೆ ಇನ್ನೊಬ್ಬ ಉಪ್ಪೆಂದ, ಇನ್ನೊಂದು ಶಾಬಾಸ್ ಬಿತ್ತು, ಆಟವೇ ನಿಂತಿತು. ನಿತಿನ ಓಡಿ ಬಂದ.

“ಅಂಕಲ್, ಸರ್ವ್ ಮಾಡುವಾಗ ಕೂಗಬಾರದು! ನೀವು ಯಾರ ಕಡೆಯವರು?”

“ಇಬ್ಬರ ಕಡೆಯೂ,” ಎಂದರು ದತ್ತಾತ್ರೇಯರು ಗಂಭೀರವಾಗಿ.

ನಿತಿನ ಅವರನ್ನು ಕೈಹಿಡಿದು ಕರೆದೊಯ್ದು ದೂರದ ಬೆಂಚಿನಲ್ಲಿ ಕೂರಿಸಿದ.

“ಈ ವಯಸ್ಸಿನಾಗ ಇವರಿಗೆ ಆಟದ ಹುಚ್ಚು ಎಲ್ಲಿಂದ ಹತ್ತಿತು?” ಎಂದು ಗೋದಾವರಿಬಾಯಿ ಸೊಸೆಯನ್ನು ಕೇಳಿದರು. ಪ್ರೇಮಾ ನಗಲೂ ಆರದೆ ಅಳಲೂ ಆರದೆ ತಟ್ಟೆ ಒರೆಸಿದಳು.

ಆಗ ತೇಜಸ್ವಿನಿ ಎಂಬಾಕೆ ಬಂದಳು. ಎರಡೂ ಹೆಗಲಿಗೆ ಮಗನ ರ‍್ಯಾಕೆಟ್ ಚೀಲ. ಒಂದು ತುತ್ತು ತಿಂದು ಕಣ್ಣು ಮುಚ್ಚಿದಳು. ಪ್ರೇಮಾ ಮುಚ್ಚಳಕ್ಕೆ ಕೈಹಾಕಿದಳು.

“ಎಂಥ ಹಗುರ! ನಮ್ಮ ಡಯಟಿಷಿಯನ್ ಇಂಥದ್ದೇ ಕೊಡಿ ಅಂತ ತಲೆ ತಿನ್ನುತ್ತಾಳೆ. ಎಲ್ಲಿ ಹೋದರೂ ಎಣ್ಣೆ, ಮಸಾಲೆ. ಇನ್ನೊಂದು ಪ್ಲೇಟ್ ಕೊಡಿ,” ಎಂದಳು. ಪಕ್ಕದ ತಾಯಂದಿರಿಗೂ ಕೂಗಿ ಕರೆದಳು. ಉಪ್ಪಿಲ್ಲ ಎಂದು ಮೂಗು ಮುರಿದಿದ್ದವರೂ ಡಯಟಿಷಿಯನ್ ಹೆಸರು ಕೇಳಿ ಸಾಲಿಗೆ ಬಂದು ನಿಂತರು. ನೋಡನೋಡುತ್ತ ಪಾತೇಲಿಯ ತಳ ಕಾಣಿಸಿತು.

ನಿತಿನನ ಮುಖ ಅರಳಿತು. “ಮೇಡಂ, ಸೀಸನ್ ನಿಮ್ಮದೇ. ಒಂದೇ ಮಾತು, ಪ್ರತಿಸಲವೂ ಹೀಗೇ ಇರಬೇಕು, ಉಪ್ಪಿಲ್ಲದೆ.”

ಹೇಮಂತನ ಎರಡೂ ಕೈಯಲ್ಲಿ ತಟ್ಟೆಗಳಿದ್ದವು. ಮಾವ ದೂರದ ಬೆಂಚಿನಲ್ಲಿದ್ದರು. ಪ್ರೇಮಾ ಮುಚ್ಚಳಕ್ಕೆ ಕೈಚಾಚುವಷ್ಟರಲ್ಲಿ ಮಾತು ಅತ್ತೆಯ ಕಿವಿಗೆ ಬಿದ್ದಾಗಿತ್ತು.

ಗೋದಾವರಿಬಾಯಿಗೆ ತೆಲುಗು ನಿತಿನನಷ್ಟೇ ಚೆನ್ನಾಗಿ ಬರುತ್ತಿತ್ತು.

“ಉಪ್ಪಿಲ್ಲದ? ಏನಂತಾನ ಇಂವ?”

ತಳದಲ್ಲಿ ಉಳಿದಿದ್ದನ್ನು ತಾವೇ ತಟ್ಟೆಗೆ ಬಳಿದುಕೊಂಡು ಎಲ್ಲರೆದುರು ಬಾಯಿಗಿಟ್ಟರು. ನಿಧಾನವಾಗಿ ಅಗಿದರು, ನುಂಗಿದರು, ಇನ್ನೊಂದು ತುತ್ತು ತಿಂದರು.

“ಹುಚ್ಚ ಇದ್ದಾನ. ಉಪ್ಪು ಹದಾ ಅದ. ಬೇಕಾದ್ರ ನೀನೇ ನೋಡು ಪ್ರೇಮಾ.”

ಪ್ರೇಮಾ ಅತ್ತೆಯ ಮುಖ ನೋಡಿದಳು. ಅದರಲ್ಲಿ ಹಟವಿರಲಿಲ್ಲ, ಮುಚ್ಚಿಡುವುದೂ ಇರಲಿಲ್ಲ. ನಿಜವಾಗಿ ರುಚಿಯಾದದ್ದನ್ನು ತಿಂದವರ ಹಾಗೆ ತೃಪ್ತಿಯಿಂದ ಕೂತಿದ್ದರು. ಜ್ವರ ಬಂದಾಗಿನಿಂದ ಇಷ್ಟು ತಿಂಗಳು ಮನೆಮಂದಿಯೆಲ್ಲ ಅವರ ಕೈಯನ್ನೇ ಕಾಯುತ್ತ ಕೂತಿದ್ದರು, ಆ ಕೈಯನ್ನು ಊಟದ ಹೊತ್ತಿಗೆ ತಿದ್ದುತ್ತಿದ್ದ ನಾಲಿಗೆಯ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ಅನ್ವಿತಾ ಮೇಜಿನ ಕೆಳಗಿನಿಂದ ನುಸುಳಿ ಬಂದು ಅಜ್ಜಿಯ ತೊಡೆಗೆ ಒರಗಿದಳು. ಹೇಮಂತ ಕಣ್ಣು ಅಗಲಿಸಿ “ಶ್ಶ್” ಎಂದ. ಪ್ರೇಮಾ ಗಂಡನ ತೋಳು ಮುಟ್ಟಿ ಅವನನ್ನು ಸುಮ್ಮನಾಗಿಸಿದಳು.

“ಅಜ್ಜಿ, ನಿನಗ ಉಪ್ಪಿನ ರುಚಿ ಗೊತ್ತಾಗೂದಿಲ್ಲೇನು?”