ಹಾಸಿಗೆ ಖಾಲಿಯಾಗುವವರೆಗೆ

ಯಮುನಾ ಮತ್ತೆ ಫೋನ್ ಮಾಡಿದಾಗಲೂ ವ್ಯಸನಮುಕ್ತಿ ಕೇಂದ್ರದ ಪೂಜಿತಾ ಅದನ್ನೇ ಹೇಳಿದಳು: ಹಾಸಿಗೆ ಸಿಗುವುದು ಮುಂದಿನ ತಿಂಗಳು.

"ಅಲ್ಲೀವರೆಗೆ ಒಂದೇ ಸಲಕ್ಕೆ ಬಿಡಿಸ್ಬೇಡಿ ಅಂತ ಡಾಕ್ಟ್ರು ಹೇಳಿದ್ರಲ್ಲ?" ಎಂದು ಪೂಜಿತಾಳೇ ನೆನಪಿಸಿದಳು.

"ನಿನ್ನೆಯಿಂದ ನಮ್ಮ ಯಜಮಾನ್ರು ಮುಟ್ಟೇ ಇಲ್ಲ ಮೇಡಂ. ಭಾಗಮಂಡಲಕ್ಕೆ ಹೋಗಿ, ಕಾವೇರಿ ಸಂಗಮದಲ್ಲಿ ಮುಳುಗಿ, ಇನ್ನು ಕುಡಿಯಲ್ಲ ಅಂತ ಆಣೆ ಮಾಡಿ ಬಂದಿದ್ದಾರೆ."

ಪೂಜಿತಾ ಹಾಳೆ ಮಗುಚಿದ ಸದ್ದು ಕೇಳಿಸಿತು. "ಮೊದ್ಲು ಫಿಟ್ಸ್ ಬಂದಿತ್ತಲ್ವಾ? ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಬರೋದೇ ಇಲ್ಲ ಅಂದ್ರೆ ಡಾಕ್ಟ್ರು ಹೇಳಿದ ಅಳತೆಯಲ್ಲಿ ಮದ್ಯಾನೇ ಕೊಡಿ. ಸುಮ್ನೆ ಬಿಡ್ಬೇಡಿ."

ವರ್ಷಗಟ್ಟಲೆ ಮದ್ಯ ಅದುಮಿ ಹಿಡಿದ ಮಿದುಳು, ಆ ಹಿಡಿತ ತಟ್ಟನೆ ಸಡಿಲಿದರೆ ಕೆರಳಿ ನಿಲ್ಲುತ್ತದೆ, ಅದರಿಂದ ಜೀವಕ್ಕೇ ಅಪಾಯ ಎಂದು ಡಾಕ್ಟರು ವಿವರಿಸಿದ್ದರು. ಯಮುನಾಗೆ ಅದು ಅರ್ಥವಾಗಿತ್ತು. ಮನೆಯಲ್ಲಿ ಬೇರೆ ಯಾರಿಗೂ ಅರ್ಥ ಮಾಡಿಸಲು ಅವಳಿಂದ ಆಗಿರಲಿಲ್ಲ.

ನಾಪೋಕ್ಲುವಿನಲ್ಲಿ ಪಂಪ್ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದ ಅವಳ ಗಂಡ ಆನಂದ್ ಜಗಲಿಯಲ್ಲಿ ಕುಳಿತಿದ್ದ. ಮೋಟಾರಿಗೆ ಸಲೀಸಾಗಿ ತಾಮ್ರದ ತಂತಿ ಸುತ್ತುತ್ತಿದ್ದ ಬೆರಳುಗಳು ಈಗ ಅಂಗಿಯ ಗುಂಡಿ ಹಾಕಲಾರದೆ ನಡುಗುತ್ತಿದ್ದವು. ತಣ್ಣನೆಯ ಗಾಳಿಯಲ್ಲೂ ಕುತ್ತಿಗೆ ಬೆವರಿತ್ತು.

"ಆಸ್ಪತ್ರೆಗೆ ಹೋಗುವ, ಏಳಿ."

"ಯಾಕೆ? ಬಿಟ್ಟವನನ್ನ ಆಸ್ಪತ್ರೆಗೆ ಹಾಕ್ತಾರಾ?"

"ಹಾಗಾದ್ರೆ ಸ್ವಲ್ಪ ಕುಡೀರಿ. ಔಷಧಿ ಅಂದ್ಕೊಳ್ಳಿ."

ಅವನು ಅವಳನ್ನೇ ನೋಡಿದ. "ಹನ್ನೆರಡು ವರ್ಷ ಬಿಡಿ ಬಿಡಿ ಅಂತ ತಲೆ ತಿಂದವಳು ನೀನೇ ಅಲ್ವಾ? ಒಂದಾದ್ರೂ ನೆಟ್ಟಗೆ ಮಾಡಿದ್ದೇನೆ. ಅದನ್ನೂ ಕಿತ್ಕೊಳ್ಬೇಡ."

ಒಳಗಿನಿಂದ ಅತ್ತೆ ಚಿನ್ನಮ್ಮ ಬಂದರು. "ಕಾವೇರಮ್ಮ ಕಣ್ಣು ಬಿಟ್ಟಿದ್ದಾಳೆ, ನೀನು ಮುಚ್ಚಿಸ್ತೀಯಾ? ಗಂಡನಿಗೆ ಕುಡಿಸುವ ಹೆಂಡ್ತಿಯನ್ನ ಈ ಊರಲ್ಲಿ ನಾನು ನೋಡಿಲ್ಲ!"

"ಅವ್ರ ಕೈ ನೋಡಿ ಅತ್ತೆ."

"ಕೆಟ್ಟದ್ದು ಹೊರಗೆ ಹೋಗುವಾಗ ಹಾಗೇ."

ಸಂಜೆ ಹೊತ್ತಿಗೆ ಆನಂದ್ ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸತೊಡಗಿದ. ಯಮುನಾ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ಗಾಡಿ ಬೇರೆ ಕಡೆ ಹೋಗಿದೆ, ಬರಲು ತಡವಾಗುತ್ತದೆ ಎಂದರು. ಅವಳು ಅಡುಗೆಮನೆಗೆ ಹೋಗಿ ಬೆಲ್ಲದ ಕರಿಕಾಫಿ ಕಾಸಿದಳು. ಸಕ್ಕರೆ ಡಬ್ಬದ ಹಿಂದೆ ಬಚ್ಚಿಟ್ಟಿದ್ದ ರಮ್ಮನ್ನು ಡಾಕ್ಟರು ಹೇಳಿದಷ್ಟೇ ಅಳೆದು ಲೋಟಕ್ಕೆ ಸುರಿದು, ಮೇಲೆ ಕಾಫಿ ಹಾಕಿದಳು.

ಆನಂದ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದ. ಕೈ ಅಲ್ಲೇ ನಿಂತುಬಿಟ್ಟಿತು. ಕಣ್ಣೆತ್ತಿ ಹೆಂಡತಿಯನ್ನು ನೋಡಿದ. ಅವಳು ಬೇರೆ ಕಡೆ ನೋಡಲಿಲ್ಲ.

ಅವನು ಕುಡಿದ. ಕೊನೆಯ ಗುಟುಕಿನವರೆಗೆ.

ಸ್ವಲ್ಪ ಹೊತ್ತಿಗೆ ಬೆರಳುಗಳ ನಡುಕ ಇಳಿಯಿತು. ಅವನು ಇರುವೆಗಳನ್ನು ಮರೆತು ಗೋಡೆಗೆ ಬೆನ್ನು ಆನಿಸಿ ಕುಳಿತ.

"ನೋಡಿದ್ಯಾ?" ಎಂದರು ಚಿನ್ನಮ್ಮ, ಮಗನ ಹಣೆ ಸವರುತ್ತ. "ಆಣೆ ಅಂದ್ರೆ ಆಣೆ. ನೀನು ಸುಮ್ನೆ ಹೆದರಿಸಿದೆ."

ಆನಂದ್ ಖಾಲಿ ಲೋಟವನ್ನು ಯಮುನಾಳತ್ತ ಚಾಚಿದ. "ಕಾಫಿ ಚೆನ್ನಾಗಿತ್ತು. ಇನ್ನೊಂದು ಲೋಟ ಮಾಡು."

ಅವಳು ಕದಲಲಿಲ್ಲ.

"ಈಗ ಮಾಡಿದ ಹಾಗೇ ಮಾಡು," ಎಂದ ಅವನು, ಮೆಲ್ಲಗೆ. "ಸ್ವಲ್ಪ ಸ್ಟ್ರಾಂಗ್ ಇರ್ಲಿ."

"ಕೊಡೇ," ಎಂದು ಅತ್ತೆ ಗದರಿದರು. "ಕಾಫಿ ತಾನೇ ಕೇಳ್ತಿರೋದು!"