ಉಸಿರು ಅಳೆಯುವ ಪೆಟ್ಟಿಗೆ

"ಕೆಮ್ಮಿಗೆ ಕೂಲಿ ಕೊಡಲ್ಲ ಕಣೇ ಮುಂಡೇದೆ. ಎತ್ತು ಸುತ್ತಿಗೆ."

ಮೇಸ್ತ್ರಿ ಹೀಗೆ ಅಂದದ್ದು ನನ್ನ ಅಕ್ಕನಿಗೆ. ಅಕ್ಕ ಪುಡಿಕೋಣೆಯ ಬಾಗಿಲಲ್ಲಿ ಮೊಣಕಾಲ ಮೇಲೆ ಕೈ ಊರಿಕೊಂಡು, ಕೆಮ್ಮು ತಾನಾಗಿ ನಿಲ್ಲಲಿ ಎಂದು ಕಾಯುತ್ತಿದ್ದಳು. ಬಾಯಿಗೆ ಕಟ್ಟಿದ ಬಟ್ಟೆ ಕತ್ತಿಗೆ ಜಾರಿತ್ತು. ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ ಬೂದಿಬಣ್ಣ.

"ಎತ್ತೀನಿ. ಒಂಚೂರು ಉಸಿರು ಬರ್ಲಿ," ಅಂದಳು.

"ಉಸಿರು ಬರ್ಬೇಕಂತೆ ಮಹಾರಾಣಿಗೆ. ಕುಣಿಯಲಾರದ ಸೂಳೆ ನೆಲ ಡೊಂಕು ಅಂದ್ಲಂತೆ. ಕೈಲಾಗ್ದಿದ್ರೆ ಚೀಟಿ ತಗೊಂಬಾ, ಮೇಜಿಗೆ ಕೂರಿಸ್ತೀನಿ. ಅಲ್ಲಿವರ್ಗೂ ಬಾಯ್ಮುಚ್ಕೊಂಡು ಅರೆ."

ನಮ್ಮದು ಹಳೆಯ ಕಂಪ್ಯೂಟರ್ ಒಡೆಯುವ ಶೆಡ್ಡು. ಹಳೆಯದು ಎನ್ನುವುದು ಬಾಯಿಮಾತಿಗೆ ಮಾತ್ರ. ನಾನು ಕೂರುವುದು ಎಬ್ಬಿಸುವ ಮೇಜಿನಲ್ಲಿ. ಲಾರಿಯಿಂದ ಇಳಿದ ಪ್ರತಿಯೊಂದನ್ನೂ ಕರೆಂಟಿಗೆ ಸಿಕ್ಕಿಸಿ ಎಬ್ಬಿಸಬೇಕು, ಹೊಟ್ಟೆಯಲ್ಲಿ ಉಳಿದದ್ದನ್ನು ಅಳಿಸಬೇಕು, ಆಮೇಲೆ ಒಡೆಯಲು ದೂಡಬೇಕು. ಮೊದಲೆಲ್ಲ ಸುಟ್ಟದ್ದು, ನೀರು ಕುಡಿದದ್ದು, ಬಿದ್ದು ಮುರಿದದ್ದು ಬರುತ್ತಿದ್ದವು. ಈಗ ಬರುವವು ಸ್ವಿಚ್ಚು ಒತ್ತಿದರೆ ಸಾಕು, ಚೆನ್ನಾಗಿ ನಿದ್ದೆ ಮಾಡಿದ ಮಕ್ಕಳ ಹಾಗೆ ಎದ್ದು ಕೂರುತ್ತವೆ. ಕಂಪ್ಯೂಟರನ್ನು ನಡೆಸುವ ಸಿಸ್ಟಮ್ ಮಾಡುವವರು, ಹಳೆಯ ಸಿಸ್ಟಮ್ಮಿನ ಕಡೆ ಇನ್ನು ನಾವು ತಿರುಗಿಯೂ ನೋಡುವುದಿಲ್ಲ, ಎಲ್ಲರೂ ಹೊಸದಕ್ಕೆ ಬನ್ನಿ ಅಂದರಂತೆ. ಹೊಸದೋ, ಹಳೆಯ ಪೆಟ್ಟಿಗೆಯೊಳಗೆ ಕೂರುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಕಚೇರಿ ಕಚೇರಿಯಲ್ಲೂ ಇದ್ದಾರೆ. ಪೆಟ್ಟಿಗೆಗಳನ್ನೇ ಲಾರಿಗೆ ಹಾಕಿ ನಮ್ಮ ಕಡೆ ಕಳಿಸಿದರು. ಬದುಕಿರುವುದನ್ನು ಎಬ್ಬಿಸಿ ಕೊಲ್ಲುವ ಕೆಲಸ ನನ್ನದಾಯಿತು.

ಕೊಂದದ್ದರ ಒಳಗಿನ ಹಸಿರು ಸರ್ಕ್ಯೂಟ್ ಹಲಗೆಗಳು ಹೋಗುವುದು ಪುಡಿಕೋಣೆಗೆ. ಅಲ್ಲಿ ಸುತ್ತಿಗೆಯಿಂದ ಚೂರು ಮಾಡಿ, ಅರೆಯುವ ಯಂತ್ರದ ಬಾಯಿಗೆ ಹಾಕಬೇಕು. ಆ ಕೋಣೆಗೆ ಕಿಟಕಿ ಇಲ್ಲ. ಪುಡಿಯಲ್ಲಿ ತಾಮ್ರವಿದೆ, ಬೆಳ್ಳಿಯಿದೆ, ಗಾಳಿಗೆ ಹಾರಿಹೋಗಬಾರದು ಎಂದು ಧಣಿ ಕಿಟಕಿ ಮುಚ್ಚಿಸಿದ್ದಾನೆ. ಹಾರದೆ ಉಳಿದದ್ದು ನಮ್ಮ ಎದೆಗೆ ಇಳಿಯುತ್ತದೆ.

ಹಿಂದೆ ಒಬ್ಬ ಆ ಯಂತ್ರದ ಮುಂದೆಯೇ ಕುಸಿದು ಸತ್ತ. ನಾವೆಲ್ಲ ಹೆಣ ಇಟ್ಟುಕೊಂಡು ಗೇಟಿನಲ್ಲಿ ಕೂತೆವು. ಹಾಗೆ ಕೂತದ್ದಕ್ಕೆ ಸಿಕ್ಕಿದ್ದು ಒಂದು ನಿಯಮ: ಪುಡಿಕೋಣೆಯವರು ಆರು ತಿಂಗಳಿಗೊಮ್ಮೆ ಸರಕಾರಿ ದವಾಖಾನೆಗೆ ಹೋಗಿ ಉಸಿರು ಅಳೆಸಬೇಕು. ಉಸಿರು ಕಡಿಮೆ ಬಂದವರಿಗೆ ಡಾಕ್ಟರು ಚೀಟಿ ಕೊಡುತ್ತಾರೆ, ಚೀಟಿ ತಂದವರಿಗೆ ಮೇಜಿನ ಕೆಲಸ. ದವಾಖಾನೆಯಲ್ಲಿ ಅದಕ್ಕೊಂದು ಕಂಪ್ಯೂಟರ್ ಇತ್ತು, ಅದಕ್ಕೆ ಸಿಕ್ಕಿಸಿದ ಊದುಕೊಳವೆ ಇತ್ತು. ಪರದೆಯ ಮೇಲೆ ಐದು ಮೇಣದಬತ್ತಿ ಉರಿಯುತ್ತಿದ್ದವು. ಎದೆ ತುಂಬ ಉಸಿರು ಎಳೆದುಕೊಂಡು ಕೊಳವೆಗೆ ಊದಬೇಕು. ಮೂರು ಆರಿದರೆ ನೀನು ಪುಡಿಕೋಣೆಗೆ ಲಾಯಕ್ಕು, ಇಲ್ಲದಿದ್ದರೆ ಚೀಟಿ. ಆಗ ನಾನೂ ಪುಡಿಕೋಣೆಯಲ್ಲಿದ್ದೆ. ನಾನು ಊದಿದಾಗ ಒಂದೇ ಆರಿತ್ತು. ನನ್ನ ಹಿಂದೆ ನಿಂತಿದ್ದ ಅಕ್ಕ ಒಂದೇ ಉಸಿರಿಗೆ ನಾಲ್ಕು ಆರಿಸಿ, "ನಿನ್ನ ಪಾಲಿಂದೂ ನಾನೇ ಊದಿದೀನಿ ಬಿಡೆ," ಎಂದು ನಕ್ಕಿದ್ದಳು. ಆ ಪೆಟ್ಟಿಗೆ ನನ್ನನ್ನು ಬದುಕಿಸಿತು. ಈಗ ಅಕ್ಕನ ಸರದಿ.

ರಜೆಯ ದಿನ ಅವಳನ್ನು ಕರೆದುಕೊಂಡು ದವಾಖಾನೆಗೆ ಹೋದೆ. ಮೆಟ್ಟಿಲು ಹತ್ತುವಾಗ ಅಕ್ಕ ಗೋಡೆ ಹಿಡಿದು ನಿಂತಳು, ಚಪ್ಪಲಿ ಸರಿಮಾಡಿಕೊಳ್ಳುವ ನೆಪ ತೆಗೆದಳು. ಉಸಿರು ಅಳೆಯುವ ಕೋಣೆಯಲ್ಲಿ ಕಂಪ್ಯೂಟರಿನ ವೈರೆಲ್ಲ ಕಿತ್ತು ಸುತ್ತಿಟ್ಟಿದ್ದರು. ಇಲಾಖೆಯ ಅಧಿಕಾರಿಯೊಬ್ಬ ಕುರ್ಚಿಯಲ್ಲಿ ಕೂತಿದ್ದ. ಡಾಕ್ಟರಮ್ಮ ನಿಂತಿದ್ದರು. ಪಕ್ಕದಲ್ಲಿ ಕಂಪ್ಯೂಟರ್ ರಿಪೇರಿಯವನು ಪೆಟ್ಟಿಗೆಗೆ ಗುಜರಿಗೆ ಹಾಕುವ ಕೆಂಪು ಚೀಟಿ ಅಂಟಿಸುತ್ತಿದ್ದ.

"ಇದಕ್ಕೇನಾಗಿದೆ ಸಾರ್? ನಿನ್ನೆವರೆಗೂ ನೆಟ್ಟಗೆ ಕೆಲಸ ಮಾಡಿದೆ," ಎಂದು ಡಾಕ್ಟರಮ್ಮ ಕೇಳಿದರು.

"ಅದರ ಸಿಸ್ಟಮ್ಮಿನ ಅವಧಿ ಮುಗೀತು. ಹೊಸದು ಇದರಲ್ಲಿ ಕೂರಲ್ಲ."

"ಮೂಗಿಗಿಂತ ಮೂಗುತಿ ಭಾರ ಅಂದಹಾಗಾಯ್ತು," ಎಂದ ರಿಪೇರಿಯವನು, ತಲೆ ಎತ್ತದೆ. "ಬೇರೆ ಸಿಸ್ಟಮ್ ಇದೆ ಸಾರ್, ಪುಕ್ಕಟೆ ಸಿಗುತ್ತೆ, ಹಗುರ. ಉಸಿರಿನ ಪ್ರೋಗ್ರಾಮು ಅದರಲ್ಲೂ ಓಡುತ್ತೆ. ಹಾಕಿಕೊಟ್ರೆ ಇನ್ನೂ ಎಷ್ಟೋ ವರ್ಷ ಬರುತ್ತೆ."

"ಮಂಜೂರಾದ ಪಟ್ಟಿಯಲ್ಲಿ ಅದಿದೆಯೇನಯ್ಯ?"

"ಇಲ್ಲ ಸಾರ್."

"ಮತ್ತೆ ಚೀಟಿ ಅಂಟಿಸು."

"ಇಂಟರ್ನೆಟ್ಟಿನ ವೈರು ಕಿತ್ತು ಹಾಗೇ ಇಟ್ಕೋತೀನಿ ಸಾರ್," ಎಂದರು ಡಾಕ್ಟರಮ್ಮ. "ಹೊಸದು ಬರೋವರೆಗೆ."

"ಹೊಸದು ಮುಂದಿನ ವರ್ಷ ನೋಡೋಣ. ಇದಕ್ಕೆ ಭದ್ರತೆ ಇಲ್ಲಮ್ಮ. ಹೊರಗಿನ ಕಳ್ಳರು ನುಗ್ಗಿ ಒಳಗಿರೋದನ್ನೆಲ್ಲ ಕದೀತಾರೆ. ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ಕುತ್ತಿಗೆಗೆ ಬರುತ್ತೆ."

ಬಾಗಿಲಲ್ಲಿ ನಿಂತಿದ್ದ ಅಕ್ಕ ಬಾಯಿ ಹಾಕಿದಳು. "ಯಾವ ಕಳ್ಳ ಬಂದು ನಮ್ಮ ಉಸಿರು ಕದೀತಾನೆ ಸ್ವಾಮಿ? ಕದಿಯೋನು ಆಗಲೇ ಕದ್ದಾಯ್ತು."

ಅಧಿಕಾರಿ ತಿರುಗಿ ನೋಡಿದ. ಕರವಸ್ತ್ರ ತೆಗೆದು ಮೂಗಿಗೆ ಹಿಡಿದ. "ಈ ಗುಜರಿಯವರನ್ನ ಒಳಗೆ ಬಿಟ್ಟೋರು ಯಾರು? ಧೂಳು ನೋಡಿ, ನೆಲವೆಲ್ಲ ಹೆಜ್ಜೆ. ಹೊರಗೆ ನಿಲ್ಲಿ." ನಾವು ಹೊರಗೆ ನಿಂತೆವು. ನಾನು ನಮ್ಮ ಹೆಜ್ಜೆಗಳನ್ನು ನೋಡಿದೆ. ನಿಜವಾಗಿಯೂ ಇದ್ದವು.

ಅವನು ಹೋದ ಮೇಲೆ ಡಾಕ್ಟರಮ್ಮ ಅಕ್ಕನ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಕೇಳಿದರು. ಬಹಳ ಹೊತ್ತು ಕೇಳಿದರು. "ನನಗೆ ಗೊತ್ತಾಗ್ತಿದೆಯಮ್ಮ. ಆದರೆ ನನ್ನ ಕಿವಿ ಕೇಳಿದ್ದನ್ನ ನಿಮ್ಮ ಧಣಿ ಒಪ್ಪಲ್ಲ. ಅಂಕಿ ಬೇಕು. ಪಟ್ಟಿಯಲ್ಲಿಲ್ಲದ ಯಂತ್ರ ಅಂಕಿ ಕೊಟ್ಟರೂ ನಡೆಯಲ್ಲ," ಎಂದರು. ಒಂದು ಬಾಟಲಿ ಔಷಧಿ ಕೊಟ್ಟರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಆ ನೀರಿನ ಮೇಲೂ ಸಿಟ್ಟು ಬಂತು, ಅದರಿಂದ ಒಂದು ಬತ್ತಿಯೂ ಆರುವುದಿಲ್ಲ.

ಮರುದಿನ ಮೇಸ್ತ್ರಿ ಬಾಗಿಲಲ್ಲೇ ಕೈ ಚಾಚಿದ. "ಎಲ್ಲಿ ಚೀಟಿ?"

"ಅಳೆಯೋ ಪೆಟ್ಟಿಗೆ ತೆಗೆದುಹಾಕಿದಾರೆ," ಎಂದೆ ನಾನು.

"ಅಯ್ಯೋ ಪಾಪ. ಹಾಗಾದ್ರೆ ನಿಮ್ಮಕ್ಕನ ಉಸಿರು ಸರಿಯಾಗಿದೆ ಅಂತಾಯ್ತು. ಅಳತೆ ಇಲ್ಲ ಅಂದ್ಮೇಲೆ ಕಡಿಮೆ ಹೆಂಗಾಗುತ್ತೆ? ಹೋಗೇ, ಒಳಗೆ ನಡಿ." ಅಕ್ಕ ಬಟ್ಟೆ ಮೇಲಕ್ಕೆಳೆದುಕೊಂಡು ಒಳಗೆ ನಡೆದಳು.

ನಾವಿಬ್ಬರೂ ಇರುವುದು ಒಂದೇ ಕೋಣೆಯಲ್ಲಿ. ಅಕ್ಕ ಈಗ ಮಲಗುವುದನ್ನೇ ಬಿಟ್ಟಿದ್ದಾಳೆ. ಗೋಡೆಗೆ ದಿಂಬು ಒತ್ತಿಟ್ಟು ಕೂತೇ ಕಣ್ಣು ಮುಚ್ಚುತ್ತಾಳೆ. ಒಂದು ಬೆಳಿಗ್ಗೆ ಒಲೆ ಹಚ್ಚುತ್ತ, "ನಾನು ಪುಡಿಕೋಣೆಗೆ ಹೋಗ್ತೀನಿ, ನೀನು ಮೇಜಿಗೆ ಕೂರು. ಮೇಸ್ತ್ರಿಗೆ ತಲೆ ಲೆಕ್ಕ ಸಿಕ್ರೆ ಸಾಕು," ಅಂದೆ.

"ನಿಂಗೆ ಉಳಿದಿರೋದೇ ಒಂದು ಬತ್ತಿಯಷ್ಟು ಉಸಿರು. ಅದನ್ನೂ ಹಾಳ್ಮಾಡ್ಕೋತೀಯ? ಇಬ್ರೂ ಹೋದ್ರೆ ಹೆಣ ಹೊರೋರ್ಯಾರು?" ಅಂದಳು. ಆಮೇಲೆ, "ಒಲೆ ಊದ್ಬೇಡ, ಬೀಸು," ಎಂದು ರಟ್ಟಿನ ಚೂರು ಎಸೆದಳು. ನಾನು ಬೀಸಿದೆ.

ಆ ವಾರ ಬಂದ ಲಾರಿಯ ತುಂಬ ಇಲಾಖೆಯ ಕೆಂಪು ಚೀಟಿಗಳೇ. ಒಂದೊಂದಾಗಿ ಎಬ್ಬಿಸುತ್ತ ಬಂದೆ. ಒಂದರ ಜೊತೆ ಊದುಕೊಳವೆಯೂ ಇತ್ತು. ಕೊಳವೆ ಸೀಳಿದ್ದ ಕಡೆ ದವಾಖಾನೆಯ ನರ್ಸಮ್ಮ ಗಾಯಕ್ಕೆ ಹಾಕುವ ಪಟ್ಟಿಯನ್ನೇ ಸುತ್ತಿದ್ದರು. ಆ ಪಟ್ಟಿಯನ್ನು ನನ್ನ ತುಟಿ ಬಲ್ಲದು. ಸಿಕ್ಕಿಸಿ ಸ್ವಿಚ್ಚು ಒತ್ತಿದೆ. ಎದ್ದಿತು. ಐದೂ ಬತ್ತಿಗಳು ಹೊತ್ತಿಕೊಂಡವು.

ಊಟದ ಹೊತ್ತಾಗಿತ್ತು. ಮೇಸ್ತ್ರಿ ಧಣಿಯ ಕೋಣೆಯಲ್ಲಿದ್ದ. ನಾನು ಓಡಿಹೋಗಿ ಅಕ್ಕನ ಕೈ ಹಿಡಿದು ಎಳೆತಂದೆ. ಅದರಿಂದ ಏನಾಗುತ್ತದೆ ಎಂದು ಯೋಚಿಸಲಿಲ್ಲ. ಏನೂ ಆಗುವುದಿಲ್ಲ ಎಂಬುದೇ ಸತ್ಯ. ಫೋನುಗಳನ್ನು ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ, ಫೋಟೋ ಕೂಡ ತೆಗೆಯುವ ಹಾಗಿಲ್ಲ. ತೆಗೆದರೂ ಯಾರು ಒಪ್ಪುತ್ತಾರೆ? ಆದರೂ ನೋಡಬೇಕು ಅನ್ನಿಸಿತು.

ಅಕ್ಕ ಕೊಳವೆಯನ್ನು ಒರೆಸಿ ಬಾಯಿಗಿಟ್ಟಳು. ಕಣ್ಣು ಮುಚ್ಚಿ ಊದಿದಳು. ಕತ್ತಿನ ನರಗಳು ಉಬ್ಬಿದವು. ಮೊದಲನೇ ಬತ್ತಿಯ ಉರಿ ಒಂದು ಕಡೆ ಬಾಗಿತು, ಹಾಗೇ ಸ್ವಲ್ಪ ಹೊತ್ತು ಇತ್ತು, ಮತ್ತೆ ನೆಟ್ಟಗಾಯಿತು. ಅಕ್ಕ ಕಣ್ಣು ತೆರೆದು ಎಣಿಸಿದಳು. ಐದೂ ಉರಿಯುತ್ತಿದ್ದವು.

"ಪೆಟ್ಟಿಗೆ ಅವಧಿ ಮುಗೀತು ಅಂದಿದ್ರಲ್ಲ," ಅಂದಳು. "ಮುಗಿದಿರೋದು ನಂದು."

ಬುತ್ತಿ ಬಿಚ್ಚಿ ಕೂತಿದ್ದವರು ಒಬ್ಬೊಬ್ಬರೇ ಎದ್ದು ಬಂದರು. ವೈರು ಸುಲಿಯುವವಳು ಬಂದಳು, ತೂಕ ಹಾಕುವವನು ಬಂದ. ಶೆಡ್ಡಿನ ನೆಲದಲ್ಲಿ ಕೂತು ಸ್ಕ್ರೂ ಆರಿಸುವ ಮುದುಕಿ, ನಾವು ಸ್ಕ್ರೂ ಅಜ್ಜಿ ಅನ್ನುವವಳು, ಸೊಂಟ ಹಿಡಿದುಕೊಂಡು ಬಂದಳು. ಯಾರೂ ಯಾರಿಗೂ ಸಾಲು ನಿಲ್ಲಿ ಅನ್ನಲಿಲ್ಲ, ಸಾಲು ತಾನಾಗಿ ನಿಂತಿತು. ಒಬ್ಬೊಬ್ಬರೂ ಊದಿದರು, ತಮ್ಮ ಬತ್ತಿಗಳನ್ನು ನೋಡಿದರು, ಪಕ್ಕಕ್ಕೆ ಸರಿದರು. ವೈರು ಸುಲಿಯುವವಳದು ಎರಡು ಆರಿದವು. ಅವಳಿಗಿನ್ನೂ ಮದುವೆಯಾಗಿಲ್ಲ. ಅಜ್ಜಿ ಊದಿದಾಗ ಒಂದೂ ಅಲುಗಾಡಲಿಲ್ಲ. "ಹಲ್ಲಿಲ್ಲ ನೋಡು, ಗಾಳಿ ಸೋರುತ್ತೆ," ಎಂದಳು ಅಜ್ಜಿ.

"ಏನ್ರೋ ಇದು, ಜಾತ್ರೆನಾ?" ಮೇಸ್ತ್ರಿ ಬಂದಿದ್ದ. "ದರಿದ್ರ ಮುಂಡೇವಾ, ಒಡೆಯೋಕೆ ಬಂದಿದ್ದನ್ನ ಇಟ್ಕೊಂಡು ಪೀಪಿ ಊದ್ತಿದೀರ? ಯಾವ ಬೋಳಿಮಗ ಇದನ್ನ ಹಚ್ಚಿದ್ದು?"

"ನಾನೇ ಹಚ್ಚಿದ್ದು," ಅಂದೆ.

ಹೊಡೆಯಲು ಕೈ ಎತ್ತಿದ. ಸ್ಕ್ರೂ ಅಜ್ಜಿ ನಡುವೆ ಬಂದು ಕೊಳವೆಯನ್ನು ಅವನ ಮುಂದೆ ಹಿಡಿದಳು. "ನೀನೂ ಒಂದ್ಸಲ ಊದಿಬಿಡಪ್ಪ. ಬೈಯೋಕೆ ಇಷ್ಟು ಉಸಿರಿದೆ. ಐದು ಬತ್ತಿ ನಿನಗ್ಯಾವ ಲೆಕ್ಕ?"

ಅವನು ನಮ್ಮೆಲ್ಲರ ಮುಖ ನೋಡಿದ. ಕೊಳವೆ ಕಿತ್ತುಕೊಂಡ. "ನೋಡ್ರೇ, ಗಂಡಸರ ಉಸಿರು ಅಂದ್ರೆ ಹೆಂಗಿರುತ್ತೆ," ಎಂದು ಎದೆ ಉಬ್ಬಿಸಿ ಊದಿದ.

ಒಂದು ಬತ್ತಿ ಆರಿತು. ಎರಡನೆಯದು ಬಾಗಿ ಎದ್ದು ನಿಂತಿತು.

ಮತ್ತೆ ಊದಿದ. ಈ ಸಲ ಒಂದೂ ಆರಲಿಲ್ಲ. ಪುಡಿಕೋಣೆಯ ಬಾಗಿಲಲ್ಲಿ ಇಷ್ಟು ವರ್ಷ ನಿಂತು ನಮ್ಮನ್ನು ಕಾದವನು ಅವನೇ. ಬಾಗಿಲು ತೆರೆದಾಗಲೆಲ್ಲ ಪುಡಿ ಮೊದಲು ಹೋಗಿದ್ದು ಅವನ ಮೂಗಿಗೆ. ಅದು ನಮಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ. ಅವನು ಪರದೆಯನ್ನೇ ನೋಡುತ್ತ ನಿಂತ. ನನಗೆ ಅವನ ಮೇಲೆ ಮರುಕ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ.

"ಆರಿಸೇ ಅದನ್ನ," ಎಂದ ನನಗೆ.

ನಾನು ಕೈ ಕಟ್ಟಿಕೊಂಡೆ.

"ಯಾರಾದ್ರೂ ಆರಿಸ್ರೋ."

ಯಾರೂ ಅಲುಗಲಿಲ್ಲ. ಅವನೇ ವೈರು ಕಿತ್ತ. ಪರದೆ ಕಪ್ಪಾಯಿತು. ಅತ್ತೆ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುವಂತೆ, ಅಕ್ಕನ ಸುತ್ತಿಗೆ ಎತ್ತಿಕೊಂಡು ಪೆಟ್ಟಿಗೆಯ ಮೇಲೆ ಬಾರಿಸಿದ. ಪರದೆ ಸೀಳಿತು. ಮತ್ತೆ ಬಾರಿಸಿದ. ಪೆಟ್ಟಿಗೆಯ ಬದಿ ಒಳಗೆ ಹೋಯಿತು. ಮೂರನೆಯ ಸಲ ಎತ್ತುವಾಗ ಕೆಮ್ಮು ಹಿಡಿಯಿತು. ಬಾಗಿದ. ಸುತ್ತಿಗೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎರಡು ಮೊಣಕಾಲ ಮೇಲೆ ಕೈ ಊರಿಕೊಂಡು, ಕೆಮ್ಮು ನಿಲ್ಲಲಿ ಎಂದು ಕಾಯತೊಡಗಿದ.

ಅಕ್ಕ ಮುಂದೆ ಬಂದಳು. ಬಗ್ಗಿ ಸುತ್ತಿಗೆ ಎತ್ತಿದಳು. ಅಷ್ಟಕ್ಕೇ ಅವಳಿಗೆ ಏದುಸಿರು ಬಂತು. ಅವನ ಕೈ ಬಿಡಿಸಿ, ಹಿಡಿಯನ್ನು ಅಂಗೈಗೆ ಇಟ್ಟು, ಬೆರಳುಗಳನ್ನು ಮಡಿಸಿದಳು.

"ಕೆಮ್ಮಿಗೆ ಕೂಲಿ ಇಲ್ಲ ಮೇಸ್ತ್ರಿ," ಎಂದಳು. "ಎತ್ತು."

ಅವನು ಎತ್ತಲಿಲ್ಲ. ಊಟದ ಹೊತ್ತು ಮುಗಿದ ಸೈರನ್ನು ಕೂಗಿತು. ಒಬ್ಬೊಬ್ಬರೇ ತಮ್ಮ ತಮ್ಮ ಜಾಗಕ್ಕೆ ಹೋದರು, ಇನ್ನೆಲ್ಲಿಗೆ ಹೋಗುತ್ತಾರೆ? ಅಕ್ಕ ಬಟ್ಟೆಯನ್ನು ಮೂಗಿನ ಮೇಲಕ್ಕೆ ಎಳೆದು ಬಿಗಿಯಾಗಿ ಗಂಟು ಹಾಕಿದಳು. ಒಡೆದ ಪೆಟ್ಟಿಗೆಯ ಹಸಿರು ಹಲಗೆಯನ್ನು ತಾನೇ ಬುಟ್ಟಿಗೆ ಹಾಕಿಕೊಂಡು ಪುಡಿಕೋಣೆಯೊಳಗೆ ಹೋದಳು. ಬಾಗಿಲು ಮುಚ್ಚಿತು. ಅರೆಯುವ ಯಂತ್ರ ಶುರುವಾಯಿತು.

ನಾನು ಮುಂದಿನ ಕಂಪ್ಯೂಟರನ್ನು ಮೇಜಿನ ಮೇಲಿಟ್ಟೆ. ಸ್ವಿಚ್ಚು ಒತ್ತಿದೆ. ಎದ್ದಿತು. ಅದಕ್ಕೆ ಏನೂ ಆಗಿರಲಿಲ್ಲ.