ಬಾಗಿಲ ಬಳಿ ಕೂತವರು

ಪಣಜಿಯಿಂದ ಕಾಣಕೋಣದ ತನಕ ಇರುವ ಅಷ್ಟೂ ದೆವ್ವಗಳಿಗೆ ವಿಡಿಯೋ ಗೇಮ್ ಆಡಲು ಕಲಿಸಿದವನು ನಾನೇ. ಸಂಶಯವಿದ್ದರೆ ಅವುಗಳನ್ನೇ ಕೇಳಿ. ಯಮನೂರ ಎಂದು ನನ್ನ ಹೆಸರು ಹೇಳಿ ನೋಡಿ, ಎದ್ದು ನಿಲ್ಲುತ್ತವೆ.

ಕುಂಕಳ್ಳಿಯ ಕಾರ್ಖಾನೆಗಳ ಸಾಲಿನಲ್ಲಿ ಯಾರಿಗೆ ಯಾವ ಗೇಮ್ ಹಿಡಿಸುತ್ತದೆ ಎಂದು ಮುಖ ನೋಡಿಯೇ ಹೇಳಬಲ್ಲವನೂ ನಾನೊಬ್ಬನೇ. ದೊಡ್ಡ ಕಂಪನಿಗಳ ಗೇಮನ್ನು ನಾನು ಮುಟ್ಟುವುದಿಲ್ಲ. ಒಮ್ಮೆ ಮುಗಿಸಿದರೆ ಅವು ತಿಂದು ಬಿಸಾಕಿದ ಪ್ಲೇಟು. ಇಬ್ಬರೋ ಮೂವರೋ ಕೂತು ಮಾಡಿದ ಸಣ್ಣ ಇಂಡೀ ಗೇಮುಗಳ ರುಚಿಯೇ ಬೇರೆ, ಎಷ್ಟು ಸಲ ಆಡಿದರೂ ಹೊಸದು. ಮೀನುಗಾರನ ಗೇಮೊಂದಿದೆ, ಪ್ರತಿ ಸಲ ಸಮುದ್ರ ಬೇರೆ. ಅದರಲ್ಲಿ ನಾನು ಹಿಡಿದ ಮೀನನ್ನೆಲ್ಲ ಹೊರಗೆ ಸುರಿದಿದ್ದರೆ ಮಡಗಾಂವ ಮಾರ್ಕೆಟ್ಟಿಗೆ ಬೀಗ ಬೀಳುತ್ತಿತ್ತು. ಇನ್ನೊಂದರಲ್ಲಿ ಬರೀ ಒಂದು ರೈಲು; ಹತ್ತುವವರು ಪ್ರತಿ ಸಲ ಬೇರೆ, ಅವರು ಹೇಳುವ ಸುಳ್ಳೂ ಬೇರೆ. ಆದರೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ‘ದೀಪದ ಮನೆ’.

ಅದರಲ್ಲಿ ದೀಪ ಹಿಡಿದುಕೊಂಡು ಹಳೆಯ ಮನೆಯೊಳಗೆ ಹೋಗಬೇಕು. ಒಳಗಿನ ಕೋಣೆಗಳು ಪ್ರತಿ ಸಲ ಜಾಗ ಬದಲಿಸಿರುತ್ತವೆ. ದೀಪ ಆರಿದರೆ ಸಾವು. ಸತ್ತವನು ಆ ಕೋಣೆಯಲ್ಲೇ ನೆರಳಾಗಿ ಕೂರುತ್ತಾನೆ, ಬೆನ್ನು ತಿರುಗಿಸಿಕೊಂಡು. ಮುಂದಿನ ಸಲ ಆಡುವಾಗ ಅವನನ್ನು ದಾಟಿಕೊಂಡೇ ಹೋಗಬೇಕು. ಮನೆಯಲ್ಲಿ ಜಾಗ ಕೆಲವರಿಗಷ್ಟೇ. ಹೊಸಬ ಬಂದು ಕೂತರೆ ಎಲ್ಲರಿಗಿಂತ ಹಳಬ ಎದ್ದು ಹೋಗುತ್ತಾನೆ, ಮತ್ತೆ ಬರುವುದಿಲ್ಲ.

“ನಾ ಅದನ್ನ ನಾನೂರು ಸಲ ಗೆದ್ದೇನಿ” ಎಂದೆ ಅವತ್ತೂ, ಗೌರಿಬಾಯಿಯ ಚಹಾ ಗಾಡಿಯ ಮುಂದೆ.

“ಹ್ವಾದ ವಾರ ಮುನ್ನೂರಿತ್ತಲ್ಲೋ?” ಗೌರಿಬಾಯಿ ಎಣ್ಣೆಯಲ್ಲಿ ಭಜಿ ತಿರುವಿದಳು. “ಹಿಂಗ ಗೆಲ್ಲಾಕತ್ರ ಕೆಲಸಕ್ಕ ಯಾವಾಗ ಹೊಕ್ಕಿ ನೀ?”

ಬೆಂಚಿನ ಮೇಲೆ ಕೂತಿದ್ದ ಫಿರ್ದೋಸ ನಗಲಿಲ್ಲ. ಅವಳು ಶಾಹಿದನ ತಂಗಿ. ಕಾಣಕೋಣದ ಬೀಚಿನ ಹೋಟೆಲೊಂದರಲ್ಲಿ ಅಡುಗೆ ಕೆಲಸ. ಅಣ್ಣನ ಫೋನು ಒಯ್ಯಲು ಬಂದಿದ್ದಳು. ಆಗಷ್ಟೇ ಅದನ್ನು ಅವಳ ಕೈಗೆ ಕೊಟ್ಟಿದ್ದೆ.

ಶಾಹಿದ ನನ್ನ ಕೋಣೆಯವನು. ಅವನದು ಹಗಲು ಪಾಳಿ, ನನ್ನದು ರಾತ್ರಿ ಪಾಳಿ. ಇಬ್ಬರಿಗೂ ಒಂದೇ ಹಾಸಿಗೆ. ಕಾರ್ಖಾನೆಯೊಳಗೆ ಫೋನು ಒಯ್ಯುವಂತಿಲ್ಲವಾದ್ದರಿಂದ ಅವನ ಫೋನು ಹಗಲೆಲ್ಲ ದಿಂಬಿನ ಪಕ್ಕ ನನಗೆ ಆಡಲೆಂದು ಬಿದ್ದಿರುತ್ತಿತ್ತು. ಅವನು ಎದ್ದುಹೋದ ಬಿಸಿಯಲ್ಲೇ ನಾನು ಮಲಗುತ್ತಿದ್ದೆ. ಕಳೆದ ತಿಂಗಳು ಘಟ್ಟದ ರಸ್ತೆಯಲ್ಲಿ ಬೈಕು ಜಾರಿ ಶಾಹಿದ ತೀರಿಕೊಂಡ. ಈಗಲೂ ನಾನು ಪಾಳಿ ಮುಗಿಸಿ ಬಂದಾಗ ಹಾಸಿಗೆ ಬೆಚ್ಚಗಿರುತ್ತದೆ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಕಳೆಯಿರಿ, ಆದರೆ ಈ ಮಾತನ್ನು ಕಳೆಯಬೇಡಿ.

“ಯಮನೂರಣ್ಣಾ,” ಫಿರ್ದೋಸ ಫೋನನ್ನು ನನ್ನತ್ತ ಚಾಚಿದಳು. “ಭಾಯಿ ಕಡೀ ಸಲ ಫೋನ್ ಮಾಡಿದಾಗ ಈ ಗೇಮಿಂದಽ ಹೇಳಾಕತ್ತಿದ್ದ. ‘ಇವತ್ತ ತೊಟ್ಟಿಲ ಕೋಣಿ ತನಕಾ ಹೋಗಿ ಸತ್ತೇನಿ, ಅಲ್ಲೇ ಕುಂತೇನಿ ನೋಡು’ ಅಂದ. ಕೆಲಸೈತಿ ಅಂತ ನಾ ಫೋನ್ ಇಟ್ಟಬಿಟ್ಟೆ. ಕಡೀಕ ಅವನ ಮಾರೀನೂ ನೋಡಲಿಲ್ಲ ನಾ, ನಾ ಮುಟ್ಟೂದರಾಗ ಮಣ್ಣ ಕೊಟ್ಟಿದ್ರು. ಅವ ಕುಂತಿದ್ದು ಒಮ್ಮೆ ತೋರಸ್ರಿ. ಬೆನ್ನರ ನೋಡ್ತೀನಿ.”

ಚಹಾದ ಗ್ಲಾಸು ಕೆಳಗಿಟ್ಟೆ. “ನಿನ್ನ ಬಸ್ ತಪ್ಪತೈತಿ ತಂಗಿ” ಎಂದೆ.

“ತಪ್ಪಲಿ ಬಿಡ್ರಿ.”

“ತೋರಸೋ ದೊಡ್ಡ ಮನಷ್ಯಾ, ನಾನೂರಾ ಒಂದನೇದು ಗೆಲ್ಲು” ಎಂದಳು ಗೌರಿಬಾಯಿ.

ಗೇಮ್ ತೆರೆದೆ. ಹೊಸ್ತಿಲು ದಾಟಿದೊಡನೆ ಪಡಸಾಲೆ. ಅಲ್ಲಿ ನೆರಳುಗಳು ಒತ್ತೊತ್ತಾಗಿ ಕೂತಿದ್ದವು, ಕಡೆಯ ಬಸ್ಸಿಗೆ ಕಾದು ಸುಸ್ತಾದವರ ಹಾಗೆ. ಒಂದಕ್ಕೂ ಮುಖವಿರಲಿಲ್ಲ.

ಫಿರ್ದೋಸ ಗಾಜಿನ ಮೇಲೆ ಮೆಲ್ಲಗೆ ಬೆರಳಿಟ್ಟಳು. “ಇವೆಲ್ಲಾ ಭಾಯೀನಽ ಏನ್ರಿ?”

“ಹೌದು” ಎಂದೆ. ನಾಲಿಗೆಗೆ ಅಭ್ಯಾಸ.

“ಅಷ್ಟು ಒಳಗ ಹೋಗಾಂವ ಇಲ್ಲೇ ಬಾಗಲದಾಗ ಇಷ್ಟು ಸಲ ಸತ್ತಾನ?”

“ಮೊದಲ ಮೊದಲ ಎಲ್ಲಾರೂ ಸಾಯ್ತಾರ.”

“ಹಂಗಾರ ಒಳಗ ನಡೀರಿ.”

ನಡೆದೆ. ಗೋಡೆಯಿಂದ ಬಿಳಿಚಿಕೊಂಡ ಕೈಯೊಂದು ಹೊರಗೆ ಬಂತು. ಅದು ಬಂದಾಗ ಅಲುಗದೆ ನಿಲ್ಲಬೇಕು, ಅಷ್ಟೇ. ಶಾಹಿದ ನನಗೆ ಎಷ್ಟೋ ಸಲ ಹೇಳಿದ್ದ. ಆದರೆ ಆ ಕೈ ಕಂಡರೆ ನನ್ನ ಹೆಬ್ಬೆರಳು ನನ್ನ ಮಾತು ಕೇಳುವುದಿಲ್ಲ. ಓಡಿದೆ. ದೀಪ ಆರಿತು.

ನನ್ನ ನೆರಳು ಗುಂಪಿನ ಅಂಚಿಗೆ ಹೋಗಿ ಕೂತಿತು. ಪಕ್ಕದವನು ಕೂತ ಹಾಗೆಯೇ, ಅವನ ಪಕ್ಕದವನು ಕೂತ ಹಾಗೆಯೇ. ಆಮೇಲೆ ಎಲ್ಲೋ ಬಹಳ ಒಳಗೆ, ನಮಗೆ ಕಾಣದ ಕೋಣೆಯಲ್ಲಿ, ಯಾರೋ ಎದ್ದ ಸದ್ದಾಯಿತು. ತೊಟ್ಟಿಲು ಒಮ್ಮೆ ಕಿರುಗುಟ್ಟಿತು. ಹೆಜ್ಜೆಗಳು ದೂರವಾಗುತ್ತ ಹೋಗಿ ನಿಂತುಹೋದವು.

ಗೌರಿಬಾಯಿ ಒಲೆ ಸಣ್ಣ ಮಾಡಿದಳು.

“ಈಗ ಎದ್ದು ಹ್ವಾದಾಂವ ಯಾರು, ಯಮನೂರಣ್ಣಾ?” ಫಿರ್ದೋಸಳ ದನಿ ಏರಲಿಲ್ಲ. “ಬಾಗಲದಾಗ ಕುಂತಾವರೊಳಗ ಯಾರೂ ಎದ್ದಿಲ್ಲ. ನಾ ನೋಡಾಕತ್ತಿದ್ದೆ.”

ಹೇಳಲು ನನ್ನ ಬಳಿ ಹತ್ತು ಸುಳ್ಳುಗಳು ತಯಾರಿದ್ದವು. ಫೋನನ್ನು ಬೆಂಚಿನ ಮೇಲಿಟ್ಟೆ.

“ಬಾಗಲದಾಗ ಕುಂತಾವೆಲ್ಲಾ ನಾನಽ, ತಂಗಿ” ಎಂದೆ. “ಒಂದು ಸಲಾನೂ ಗೆದ್ದಿಲ್ಲ ನಾ. ಈ ಪಡಸಾಲಿ ದಾಟಿಲ್ಲ. ಗೇಮ್ ನನಗ ಕಲಿಸಿದಾಂವಽ ನಿಮ್ಮ ಭಾಯಿ. ಅವ ಹ್ವಾದ ಮ್ಯಾಲೆ, ತೊಟ್ಟಿಲ ಕೋಣ್ಯಾಗ ಒಮ್ಮೆ ಅವನ್ನ ನೋಡಿ ಬರೂಣು ಅಂತ ದಿನಾ ಆಡೀನಿ. ನಾ ಇಲ್ಲಿ ಸತ್ತಂಗೆಲ್ಲಾ ಅವನ ನೆರಳು ಅಲ್ಲಿಂದ ಒಂದೊಂದಽ ಎದ್ದು ಹ್ವಾದವು. ಅದು ತಿಳದ ಮ್ಯಾಲೂ ಬಿಡಾಕಾಗಲಿಲ್ಲ. ಇನ್ನ ಒಳಗ ಅವ ಅದಾನೋ ಇಲ್ಲೋ, ಖರೇನ ನನಗ ಗೊತ್ತಿಲ್ಲ.”